‘ಆಯ್ತು ರೀ’ ಎಂದ ದನಿ

ಹೊಸಪೇಟೆ, ಲೇಡೀಸ್ ಹಾಸ್ಟೆಲ್
10 ನವೆಂಬರ್ 2024

ಅಂಜಲಿ,

ಹೀಗೆ ಪತ್ರ ಬರೆಯುತ್ತಿರುವುದಕ್ಕೇ ಮೊದಲು ಸಾರಿ ಕೇಳುತ್ತೇನೆ. ಫೋನ್ ಮಾಡಿದರೆ ನೀನು ಈಗ ಕೆಲಸ ಮಾಡುವ ಹೋಮ್‌ಸ್ಟೇಯ ಸುಮಲತಾ ಅಕ್ಕ ಎತ್ತುತ್ತಾರೆ, ಫೋನಿಗೆ ಕೈ ಅಡ್ಡ ಹಿಡಿದು ಯಾರನ್ನೋ ಏನೋ ಕೇಳುತ್ತಾರೆ, ಆಮೇಲೆ "ಅಂಜಲಿ ಇಲ್ಲರಿ, ಹೊರಗ ಹೋಗ್ಯಾಳ" ಅನ್ನುತ್ತಾರೆ. ಪ್ರತಿ ಸಲವೂ ಹೀಗೇ. ನೀನು ಅಷ್ಟೊಂದು ಹೊರಗೆ ಹೋಗುವವಳಲ್ಲ ಅಂತ ನನಗೆ ಗೊತ್ತು. ಬಸ್ ಹತ್ತಿ ಹಂಪಿಗೆ ಬಂದುಬಿಡೋಣ ಅಂತ ಒಂದು ದಿನ ಬಸ್‌ಸ್ಟ್ಯಾಂಡಿನವರೆಗೂ ಹೋದೆ. ಬಸ್ ಬಂತು, ಹೋಯಿತು. ನಾನು ಹತ್ತಲಿಲ್ಲ.

ದೀಪಾವಳಿ ರಜೆಗೆ ಕಂಪ್ಲಿಗೆ ಹೋಗಿದ್ದೆ. ನಮ್ಮ ಅಕ್ಕಿ ಮಿಲ್ಲಿನ ಆಫೀಸಿನಲ್ಲಿ ನಿನ್ನ ಕುರ್ಚಿ ಖಾಲಿ. ಅಪ್ಪಾಜಿಯನ್ನು ಕೇಳಿದರೆ, "ಆ ಹುಡುಗಿ ಬಿಟ್ಟು ಹೋದ್ಲವ್ವ. ಹೇಳ್ಲಿಲ್ಲ, ಕೇಳ್ಲಿಲ್ಲ. ಹೆಡ್‌ಫೋನ್ ಟೇಬಲ್ ಮ್ಯಾಲಿಟ್ಟು ಹೋಗ್ಯಾಳ" ಅಂದರು. ಸಂಜೆ ನಿಮ್ಮ ಬಸಕ್ಕಜ್ಜಿಯ ಮನೆಗೆ ಹೋದೆ. ನಿನ್ನ ನರ್ಸಿಂಗ್ ಸೀಟಿನ ವಿಷಯ ಹೇಳಿದ್ದು ಅಜ್ಜಿಯೇ. ಬಳ್ಳಾರಿಯ ಕಾಲೇಜಿನಿಂದ ಕರೆ ಬಂದಿತ್ತಂತೆ, ಶುಕ್ರವಾರದೊಳಗೆ ಮಾರ್ಕ್ಸ್ ಕಾರ್ಡ್ ತಗೊಂಡು ಬಾ ಅಂದಿದ್ದರಂತೆ, ಆ ಸುದ್ದಿ ನಿನ್ನನ್ನು ಮುಟ್ಟಲೇ ಇಲ್ಲವಂತೆ, ಸೀಟು ಬೇರೆ ಹುಡುಗಿಗೆ ಹೋಯಿತಂತೆ. ಇಷ್ಟು ಹೇಳಿ ಅಜ್ಜಿ ನನ್ನ ಮುಖ ನೋಡಿದಳು. ಒಳಗೆ ಬಾ ಅನ್ನಲಿಲ್ಲ. ನಿನ್ನ ವಿಳಾಸ, ಫೋನ್ ನಂಬರ್ ಕೇಳಿದ್ದಕ್ಕೆ ಬಾಗಿಲಲ್ಲೇ ನಿಂತು ಹೇಳಿದಳು.

ಅಂಜು, ನನಗೆ ಏನೂ ಅರ್ಥವಾಗುತ್ತಿಲ್ಲ. ಆರನೇ ಕ್ಲಾಸಿನಿಂದ ಸಂಡೂರಿನ ಹಾಸ್ಟೆಲ್ಲಿನಲ್ಲಿ ನೀನು ಬಿಳಿ ಟವೆಲ್ ತಲೆಗೆ ಕಟ್ಟಿಕೊಂಡು ಎಲ್ಲರಿಗೂ ಜ್ವರ ನೋಡುತ್ತಿದ್ದವಳು. ಆ ಸೀಟು ಹೋದರೆ ನಿನಗೆ ಏನು ಹೋದಂತೆ ಅಂತ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ನನ್ನ ಮೇಲೆ ಯಾಕೆ ಸಿಟ್ಟು?

ನಾನು ಮಿಲ್ಲಿಗೆ ಹಾಕಿಸಿದ ಹೊಸ ಫೋನಿನ ಕಾರಣಕ್ಕಾ? ಅದು ನಿನಗೆ ಹಿಂಸೆಯಾಗಿತ್ತಾ? ನಾನು ಅಂದುಕೊಂಡದ್ದೇ ಬೇರೆ. ಮೊದಲು ಇದ್ದದ್ದು ಒಂದೇ ಫೋನು, ಭತ್ತದ ದರ ಕೇಳುವವರು, ಲಾರಿಯವರು, ನುಚ್ಚು ಬೇಕೆನ್ನುವವರು ಎಲ್ಲರೂ ಅದಕ್ಕೇ ಮಾಡುವವರು. ಸುಗ್ಗಿಯಲ್ಲಿ ಎಂಗೇಜ್, ಬರೀ ಎಂಗೇಜ್. ನೀನು ಊಟದ ಡಬ್ಬಿ ಮುಚ್ಚಳ ತೆಗೆಯಲೂ ಆಗುತ್ತಿರಲಿಲ್ಲ. ನಮ್ಮ ಸರ್ ಕ್ಲಾಸಿನಲ್ಲಿ ಇಂಟರ್ನೆಟ್ ಫೋನಿನ ಬಗ್ಗೆ ಹೇಳಿದ ದಿನವೇ ನನಗೆ ನಿನ್ನ ನೆನಪಾಯಿತು. ಮಾತನ್ನು ಸಣ್ಣ ಸಣ್ಣ ಚೂರು ಮಾಡಿ, ಒಂದೊಂದು ಚೂರಿಗೂ ವಿಳಾಸ ಅಂಟಿಸಿ ಇಂಟರ್ನೆಟ್ಟಿನಲ್ಲಿ ಬಿಡುತ್ತಾರೆ. ಆ ಕಡೆ ಮುಟ್ಟಿದ ಮೇಲೆ ಜೋಡಿಸಿ ಮತ್ತೆ ದನಿ ಮಾಡುತ್ತಾರೆ. ಹಾಗಾಗಿ ಒಂದೇ ನಂಬರಿಗೆ ನಾಲ್ಕು ಜನ ಒಟ್ಟಿಗೆ ಮಾಡಿದರೂ ಎಂಗೇಜ್ ಬರುವುದಿಲ್ಲ. ಕರೆ ಹಂಚುವ ಯಂತ್ರ ಮಿಲ್ಲಿನಲ್ಲಿ ಇರಬೇಕಾಗಿಯೂ ಇಲ್ಲ, ಯಾವುದೋ ಊರಿನ ಕಂಪ್ಯೂಟರಿನಲ್ಲಿರುತ್ತದೆ. ಭತ್ತದವರು ನಿನಗೆ, ಲಾರಿಯವರು ಅಪ್ಪಾಜಿಗೆ. ಅಷ್ಟೇ ನಾನು ಮಾಡಿದ್ದು. ನೀನು ಸಮಾಧಾನವಾಗಿ ಊಟ ಮಾಡಲಿ ಅಂತ.

ತಪ್ಪಾಗಿದ್ದರೆ ಏನು ತಪ್ಪು ಅಂತ ಹೇಳು. ನನಗೆ ನಿದ್ದೆ ಸರಿ ಬರುತ್ತಿಲ್ಲ, ಮೊದಲನೇ ಇಂಟರ್ನಲ್ಸ್ ಬೇರೆ ಹತ್ತಿರ ಬಂದಿದೆ.

ನಿನ್ನ
ಪೂಜಿ

*

ಕಡ್ಡಿರಾಂಪುರ, ಹಂಪಿ ರಸ್ತೆ
19 ನವೆಂಬರ್ 2024

ಪೂಜಿತಾ,

ಪತ್ರ ಬಂತು. ಏನೂ ಗೊತ್ತಿಲ್ಲದವಳ ಹಾಗೆ ಬರೆದಿದ್ದೀಯ. ಅದಕ್ಕೇ ಉತ್ತರ ಬರೆಯಬಾರದು ಅಂದುಕೊಂಡಿದ್ದೆ.

ಗೊತ್ತಿಲ್ಲದಿದ್ದರೆ ಕೇಳು. ನಮ್ಮ ಮನೆಗೆಲ್ಲ ಒಂದೇ ಫೋನು, ಅದು ಅಪ್ಪನ ಹತ್ತಿರ ಇರುತ್ತದೆ. ಕಾಲೇಜಿನ ಅರ್ಜಿಯಲ್ಲೂ ಅದೇ ನಂಬರ್. ಅಪ್ಪ ಸಂಡೂರಿನ ಲಾರಿ ಯಾರ್ಡಿನಲ್ಲಿ ಅದಿರು ಲಾರಿಗಳಿಗೆ ತಾಡಪತ್ರಿ ಕಟ್ಟುತ್ತಾನೆ, ಶನಿವಾರ ಊರಿಗೆ ಬರುತ್ತಾನೆ. ಏನಾದರೂ ಮಾತಿದ್ದರೆ ನಿಮ್ಮ ಮಿಲ್ಲಿನ ಫೋನಿಗೆ ಒಂದು ರಿಂಗ್ ಕೊಟ್ಟು ಕಟ್ ಮಾಡುತ್ತಾನೆ, ನಾನು ತಿರುಗಿ ಮಾಡುತ್ತೇನೆ. ಇದೆಲ್ಲ ನಿನಗೆ ಗೊತ್ತು. ನಾವು ಹಾಸ್ಟೆಲ್ಲಿನಲ್ಲಿದ್ದಾಗ ವಾರ್ಡನ್ ಫೋನಿಗೂ ಹಾಗೇ ಕೊಡುತ್ತಿದ್ದ.

ಅಕ್ಟೋಬರ್ 15, ಮಂಗಳವಾರ, ಕಾಲೇಜಿನವರು ಅಪ್ಪನಿಗೆ ಫೋನ್ ಮಾಡಿದರು. ಅಪ್ಪ ಮಿಲ್ಲಿಗೆ ರಿಂಗ್ ಕೊಟ್ಟ. ನೀನು ಎತ್ತಿದೆ. ಹಾಸ್ಟೆಲ್ಲಿನಲ್ಲಿ ಕೂತೇ ಮಿಲ್ಲಿನ ಫೋನ್ ಎತ್ತಬಹುದು ಅಂತ ನೀನೇ ಲ್ಯಾಪ್‌ಟಾಪಿನಲ್ಲಿ ನನಗೆ ತೋರಿಸಿದ್ದೆಯಲ್ಲ. ಅಪ್ಪ ನಿನಗೆ ಎಲ್ಲಾ ಹೇಳಿದ. ಬಳ್ಳಾರಿ, ಶುಕ್ರವಾರ, ಒರಿಜಿನಲ್ ಮಾರ್ಕ್ಸ್ ಕಾರ್ಡು. ನೀನು ಆಯ್ತು ಅಂದೆ.

ಶನಿವಾರ ಅಪ್ಪ ಕೈಯಲ್ಲಿ ಮಿಠಾಯಿ ಪೊಟ್ಟಣ ಹಿಡಿದು ಬಂದ. ಹೊಸ್ತಿಲು ದಾಟುವ ಮೊದಲೇ, "ಬಳ್ಳಾರಿಗೆ ಹೋಗಿ ಬಂದ್ಯೇನವ್ವ? ಏನಂದ್ರು?" ಅಂದ. ನಾನು, "ಎದಕ ಬಳ್ಳಾರಿಗೆ?" ಅಂದೆ.

ಕಾಲೇಜು, ಹೊಸ ಗೆಳತಿಯರು, ಪರೀಕ್ಷೆ, ಮರೆತಿರಬಹುದು. ಮರೆತೆ ಅಂದಿದ್ದರೆ ನಾನೇ ಬಂದು ನಿನ್ನ ಫೋನ್ ಎತ್ತುತ್ತಿದ್ದೆ. ನಿನಗೆ ಊಟದ ಡಬ್ಬಿ ನೆನಪಿದೆ, ಇದು ನೆನಪಿಲ್ಲವಾ?

ಅಂಜಲಿ

*

ಹೊಸಪೇಟೆ
23 ನವೆಂಬರ್ 2024

ಅಂಜು,

ನಾನು ಎತ್ತಿಲ್ಲ. ದೇವರಾಣೆ ಎತ್ತಿಲ್ಲ. ನಿನ್ನ ಪತ್ರ ಓದಿದ ಕೂಡಲೇ ಲ್ಯಾಪ್‌ಟಾಪ್ ತೆಗೆದು ನನಗೆ ಬಂದ ಕರೆಗಳನ್ನೆಲ್ಲ ನೋಡಿದೆ. ಹದಿನೈದನೇ ತಾರೀಖು ನನಗೆ ಒಂದೂ ಕರೆ ಬಂದಿಲ್ಲ. ಅವತ್ತು ನಮಗೆ ಲ್ಯಾಬ್ ಇತ್ತು, ಲ್ಯಾಪ್‌ಟಾಪ್ ಟ್ರಂಕಿನಲ್ಲಿತ್ತು. ಬೇಕಿದ್ದರೆ ಸ್ಕ್ರೀನಿನ ಫೋಟೋ ತೆಗೆದು ಪ್ರಿಂಟ್ ಹಾಕಿಸಿ ಕಳಿಸುತ್ತೇನೆ. ನಾನು ಮಾಡದೇ ಇರುವ ತಪ್ಪನ್ನು ನಾನು ಹೇಗೆ ಒಪ್ಪಿಕೊಳ್ಳಲಿ?

ನಿಮ್ಮಪ್ಪ, ನನ್ನ ಉಚ್ಚೆಂಗೆಪ್ಪ ಕಾಕಾ ಅಂದರೆ ನನಗೆ ಎಷ್ಟು ಪ್ರೀತಿ ಅಂತ ನಿನಗೆ ಗೊತ್ತು. ಆದರೆ ಒಂದು ಮಾತು ಹೇಳಲೇಬೇಕು, ಬೇಜಾರಾಗಬೇಡ. ಕಾಕಾ ಹೇಳುವುದನ್ನು ಮರೆತಿರಬಹುದು. ಶನಿವಾರ ನಿನ್ನ ಮುಖ ನೋಡಿದಾಗ ಮರೆತದ್ದು ನೆನಪಾಗಿ, ಪೂಜಿಗೆ ಹೇಳಿದ್ದೆ ಅಂದಿರಬಹುದು. ಸಂಬಳ ಆದ ವಾರ ಅವರು ಹೇಗಿರುತ್ತಾರೆ ಅಂತ ಹಾಸ್ಟೆಲ್ಲಿನಲ್ಲಿ ನೀನೇ ನನಗೆ ಹೇಳಿದ್ದೆಯಲ್ಲ. ನಾನು ಯಾರಿಗೂ ಹೇಳಿಲ್ಲ, ಇವತ್ತಿಗೂ. ಆದರೆ ಸಿಸ್ಟಮ್ ಸುಳ್ಳು ಹೇಳುವುದಿಲ್ಲ ಅಂಜು. ಅದರಲ್ಲಿ ಬಂದ ಪ್ರತಿ ಕರೆಯೂ ದಾಖಲಾಗುತ್ತದೆ. ನನಗೆ ಕರೆ ಬಂದಿಲ್ಲ ಅಂದರೆ ಬಂದಿಲ್ಲ.

ಇಷ್ಟು ಖಡಕ್ಕಾಗಿ ಬರೆಯಬಾರದಿತ್ತೇನೋ. ಆದರೂ ಕಳಿಸುತ್ತಿದ್ದೇನೆ. ನೀನು ನನ್ನನ್ನು ಹಾಗೆ ಅಂದುಕೊಂಡಿರುವಾಗ ನನಗೆ ಅನ್ನ ಇಳಿಯುತ್ತಿಲ್ಲ.

ಪೂಜಿ

*

ಕಡ್ಡಿರಾಂಪುರ
2 ಡಿಸೆಂಬರ್ 2024

ಪೂಜಿತಾ,

ಶನಿವಾರ ಊರಿಗೆ ಹೋದಾಗ ನಿನ್ನ ಪತ್ರವನ್ನು ಅಪ್ಪನಿಗೆ ಓದಿ ಹೇಳಿದೆ. ಸಂಬಳದ ವಾರದ ಸಾಲುಗಳನ್ನು ಬಿಟ್ಟು ಓದಿದೆ. ಆ ಮಾತನ್ನು ನಾನು ನಿನಗೆ ಹೇಳಿದ್ದು ಎಂಟನೇ ಕ್ಲಾಸಿನಲ್ಲಿ, ಅಳುತ್ತಾ, ನೀರಿನ ಟ್ಯಾಂಕಿನ ಹಿಂದೆ. ಅದನ್ನು ಇಷ್ಟು ವರ್ಷ ಜೋಪಾನ ಮಾಡಿ ಇಟ್ಟುಕೊಂಡಿದ್ದೆ ಅಂತ ಗೊತ್ತಿರಲಿಲ್ಲ. ಅಪ್ಪ ಕುಡಿಯುವುದು ಬಿಟ್ಟು ನಾಲ್ಕನೇ ದೀಪಾವಳಿ ಇದು.

ಅಪ್ಪ ಸಿಟ್ಟಾಗಲಿಲ್ಲ. "ಆಕಿ ಸಣ್ಣಾಕಿ, ಅಂಜೇತಿ ಜೀವ, ಬಿಡು" ಅಂದ. ನಾನು ಬಿಡಲಿಲ್ಲ. ಏನೇನು ಮಾತಾಯಿತು, ಒಂದೊಂದೇ ಹೇಳು ಅಂದೆ. ಅವನು ಹೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ.

"ನಾ ರಿಂಗ್ ಕೊಟ್ಟು ಕಟ್ ಮಾಡಬೇಕಂದ್ರ ಜಲ್ದಿ ಎತ್ತಿಬಿಟ್ಲು. ‘ನಮಸ್ಕಾರ್ರೀ, ನಾ ಪೂಜಿತಾ ಮಾತಾಡ್ತೀನಿ, ಆರಾಮ್ ಅದೀರೇನ್ರಿ?’ ಅಂದ್ಲು. ‘ಆರಾಮ್ ಅದೀನವ್ವ, ನೀನು ಹೆಂಗದೀ?’ ಅಂದೆ. ‘ಭಾಳ ಸಂತೋಷ ರೀ’ ಅಂದ್ಲು. ಆಮ್ಯಾಲೆ ಭತ್ತ ಗಿತ್ತ, ಒಂದು ಎರಡು ಅಂತ ಏನೋ ಹೇಳಿದ್ಲು, ಲಾರಿ ಗದ್ದಲದಾಗ ತಿಳೀಲಿಲ್ಲ. ಆಫೀಸಿನಾಗ ಯಾರಿಗೋ ಹೇಳ್ಲಿಕತ್ತಾಳ ಅನ್ಕೊಂಡೆ. ಸುಮ್ಮನಾದ್ಲು. ನಾ ಎಲ್ಲಾ ಹೇಳಿದೆ, ಶುಕ್ರವಾರ ಅಂತ ಎರಡು ಸಲ ಹೇಳಿದೆ. ಮಾತು ಮುಗಿಯೂಮಟ ಕೇಳಿಸ್ಕೊಂಡ್ಲು. ‘ಆಯ್ತು ರೀ, ನಮಸ್ಕಾರ’ ಅಂತ ಇಟ್ಲು. ಆಕಿ ದನಿ ನನಗ ಗುರ್ತಿಲ್ಲೇನು? ನಮ್ಮನ್ಯಾಗ ಉಂಡು ಬೆಳದ ಹುಡುಗಿ."

ಇದರಲ್ಲಿ ಯಾವ ಮಾತು ಅಪ್ಪ ಕಟ್ಟಿ ಹೇಳಿದ್ದು, ನಿನ್ನ ಸಿಸ್ಟಮ್ಮಿಗೆ ಕೇಳಿ ತಿಳಿಸು.

ಅಂಜಲಿ

*

ಹೊಸಪೇಟೆ
9 ಡಿಸೆಂಬರ್ 2024

ಅಂಜು,

ನಿನ್ನ ಪತ್ರದ ಅರ್ಧಕ್ಕೇ ನನಗೆ ಗೊತ್ತಾಯಿತು. ಹಾಸಿಗೆಯ ಮೇಲೆ ಕೂತವಳು ಕೆಳಗೆ ಇಳಿದು ಕೂತೆ.

ಅದು ನನ್ನ ದನಿಯೇ. ಕಾಕಾ ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ನಾನು ಎತ್ತಲಿಲ್ಲ ಅನ್ನುವುದೂ ನಿಜ.

ಹೊಸ ಫೋನು ಹಾಕಿಸಿದಾಗ ಮೊದಮೊದಲು ಅದು ನೇರವಾಗಿ ನಿನ್ನ ಟೇಬಲ್ಲಿಗೆ ರಿಂಗ್ ಆಗುತ್ತಿತ್ತು, ನೆನಪಿದೆಯಲ್ಲ. ಕರೆ ಮಾಡಿದವರಿಗೆ ಮೊದಲು ಒಂದು ದನಿ ಸ್ವಾಗತ ಹೇಳಿ, ಯಾರು ಬೇಕು ಅಂತ ಕೇಳಿ ಹಂಚುವ ಏರ್ಪಾಡು ಅದರಲ್ಲಿತ್ತು. ಅದನ್ನು ಶುರು ಮಾಡಿರಲಿಲ್ಲ. ಕಂಪನಿಯವರು ಕೊಟ್ಟ ರೆಡಿಮೇಡ್ ದನಿ ಕೇಳಿ ಅಪ್ಪಾಜಿ, "ಇದೇನು ರೇಡಿಯೋ ವಾರ್ತೆ ಓದಿದಂಗೈತಿ, ನಮ್ಮ ರೈತ್ರು ಹೆದ್ರಿ ಕಟ್ ಮಾಡ್ತಾರ. ನೀನ ಮಾತಾಡಿ ಹಾಕವ್ವ, ನಮ್ಮ ಮಂದಿ ಮಾತಾಡಿದಂಗಿರಲಿ" ಅಂದಿದ್ದರು. ಆಯುಧಪೂಜೆ ಮುಗಿಸಿ ಹಾಸ್ಟೆಲ್ಲಿಗೆ ಬಂದ ಮೇಲೆ ನಾನು ಚಾದರ ಹೊದ್ದುಕೊಂಡು, ಸದ್ದು ಬರದ ಹಾಗೆ, ರೆಕಾರ್ಡ್ ಮಾಡಿದೆ. ಹಾಸ್ಟೆಲ್ಲಿನಿಂದಲೇ ಅದನ್ನು ಮಿಲ್ಲಿನ ನಂಬರಿಗೆ ಹಾಕಿದೆ. ಎಲ್ಲಿಂದ ಬೇಕಾದರೂ ಬದಲಾಯಿಸಬಹುದಲ್ಲ ಅದು. ನಿನಗೆ ಹೇಳಲಿಲ್ಲ. ಯಾರಾದರೂ ರೈತರು "ಏನವ್ವ, ಸಾವ್ಕಾರ್ರ ಮಗಳು ಫೋನಿನಾಗ ಕುಂತಾಳ" ಅಂತ ನಿನಗೆ ಹೇಳಲಿ, ನೀನು ನಗಲಿ ಅಂತ ಕಾದಿದ್ದೆ. ಒಳಗೆ ಕೂತವರಿಗೆ ಆ ಸ್ವಾಗತ ಕೇಳಿಸುವುದೇ ಇಲ್ಲ. ಹೊರಗಿನವರಿಗಷ್ಟೇ ಕೇಳಿಸುತ್ತದೆ.

"ಆರಾಮ್ ಅದೀರೇನ್ರಿ" ಅಂದಾದ ಮೇಲೆ ನಾನು ಬೇಕೆಂದೇ ಒಂದಿಷ್ಟು ಜಾಗ ಬಿಟ್ಟೆ. ಕೇಳಿ ತಕ್ಷಣ ಮುಂದಿನ ಮಾತಿಗೆ ಹಾರಿದರೆ ಸೊಕ್ಕಿನವಳ ಹಾಗೆ ಕೇಳಿಸುತ್ತಿತ್ತು. ಆ ಖಾಲಿ ಜಾಗದಲ್ಲೇ ಕಾಕಾ "ಆರಾಮ್ ಅದೀನವ್ವ" ಅಂದಿದ್ದಾರೆ. ಆಮೇಲೆ ಭತ್ತಕ್ಕೆ ಒಂದು ಒತ್ತಿ, ಲಾರಿಗೆ ಎರಡು ಒತ್ತಿ. ಯಾರೂ ಏನೂ ಒತ್ತದಿದ್ದರೆ ಯಂತ್ರ ಸ್ವಲ್ಪ ಹೊತ್ತು ಸುಮ್ಮನೆ ಕಾಯುತ್ತದೆ. ಕಾಕಾ ಮಾತಾಡಿದ್ದು ಆಗ. ಅದು ಕೇಳಿಸಿಕೊಳ್ಳುವುದಿಲ್ಲ ಅಂಜು, ಬಟನ್ ಸದ್ದಿಗೆ ಮಾತ್ರ ಕಾದಿರುತ್ತದೆ. ಕಾದು ಕಾದು ಕೊನೆಗೆ ನಾನು ಹೇಳಿಟ್ಟ ಮಾತು ಹೇಳಿ ಇಡುತ್ತದೆ. "ಆಯ್ತು ರೀ, ನಮಸ್ಕಾರ." ನಾವೆಲ್ಲ ಫೋನ್ ಇಡುವಾಗ ಹಾಗೇ ಅಲ್ಲವಾ ಅನ್ನುವುದು? ಅದು ಒಪ್ಪಿಕೊಂಡ ಮಾತೂ ಆಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ.

ಏನೂ ಒತ್ತದವರನ್ನು ಏನು ಮಾಡಬೇಕು ಅಂತ ಆ ಪುಟದಲ್ಲಿ ಕೇಳಿತ್ತು. ಕರೆ ಮುಗಿಸು, ಇಲ್ಲವೇ ಯಾರಿಗಾದರೂ ಕಳಿಸು. ನಿನ್ನ ಹೆಸರು ಅಲ್ಲೇ ಇತ್ತು. ಸುಮ್ಮಸುಮ್ಮನೆ ಮಾಡುವವರು ನಿನಗೆ ಕಾಟ ಕೊಡದಿರಲಿ ಅಂತ ಮುಗಿಸು ಅನ್ನುವುದನ್ನು ಒತ್ತಿದೆ. ಇನ್ನೊಂದನ್ನು ಒತ್ತಿದ್ದರೆ ಕಾಕಾನ ಕರೆ ನಿನ್ನ ಕಿವಿಗೇ ಬರುತ್ತಿತ್ತು. ಯಾರನ್ನೂ ಮುಟ್ಟದೆ ಹೋದ ಕರೆಗಳ ಪುಟ ಬೇರೆ ಇದೆ, ಅದನ್ನು ನಾನು ನೋಡೇ ಇರಲಿಲ್ಲ. ಅಲ್ಲಿ ಕಾಕಾನ ನಂಬರ್ ಇದೆ. ಏನು ಮಾತಾಡಿದರು ಅಂತ ಇಲ್ಲ. ಇನ್ನೊಂದು ಸಂಗತಿಯೂ ಈಗ ತಿಳಿಯಿತು. ಯಂತ್ರ ರಿಂಗ್ ಆಗುವ ಮೊದಲೇ ಎತ್ತುವುದರಿಂದ ನಮ್ಮ ಮಿಲ್ಲಿಗೆ ಯಾರೂ ಮಿಸ್ಡ್ ಕಾಲ್ ಕೊಡಲು ಆಗುವುದೇ ಇಲ್ಲ.

ಇಷ್ಟು ಬರೆದು ನಿಲ್ಲಿಸಬಹುದಿತ್ತು. ನಿನ್ನೆ ಭಾನುವಾರ ನಾನು ಸಂಡೂರಿಗೆ ಹೋದೆ. ಶನಿವಾರ ಕಂಪ್ಲಿಗೆ ಹೋಗಿದ್ದಾಗ, ಕಾಕಾ ಈ ವಾರ ಊರಿಗೆ ಬಂದಿಲ್ಲ ಅಂತ ಬಸಕ್ಕಜ್ಜಿ ಹೇಳಿದ್ದಳು. ಪತ್ರದಲ್ಲಿ ಹೇಳುವುದಕ್ಕಿಂತ ಕಾಕಾನಿಗೇ ತೋರಿಸಿಬಿಟ್ಟರೆ ನೀನು ನಂಬುತ್ತೀ ಅಂದುಕೊಂಡೆ. ಆ ಸ್ವಾಗತವನ್ನು ಆವತ್ತೇ ಅಳಿಸಬೇಕಾಗಿತ್ತು. ಸಾಕ್ಷಿಗೆ ಬೇಕಾಗುತ್ತದೆ ಅಂತ ಉಳಿಸಿಕೊಂಡೆ.

ಯಾರ್ಡಿನಲ್ಲಿ ಕಾಕಾ ಲಾರಿ ಮೇಲಿದ್ದರು. ಮೈಯೆಲ್ಲ ಕೆಂಪು ಧೂಳು, ಹಲ್ಲಷ್ಟೇ ಬಿಳಿ. ನನ್ನನ್ನು ನೋಡಿ ಹಗ್ಗ ಬಿಟ್ಟು ಇಳಿದು ಬಂದರು. "ಪೂಜವ್ವ! ಇಷ್ಟ ದೂರ ಒಬ್ಬಾಕೇ ಬಂದ್ಯಾ? ಉಂಡೀಯೇನು?" ಅಂತ ಕೇಳಿದರು. ಅಷ್ಟೆಲ್ಲ ಆದ ಮೇಲೂ. ನಾನು ಉಂಡಿರಲಿಲ್ಲ. ಉಂಡೆ ಅಂದೆ. ಚಹಾದ ಅಂಗಡಿ ಮುಂದೆ ಅವರ ಜೊತೆಗಾರರು ಆರೇಳು ಜನ ಕೂತಿದ್ದರು. ಕಾಕಾನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಬೇಕು ಅಂತ ತೋಚಲಿಲ್ಲ. ತೋಚಿತ್ತೇನೋ. ಎಲ್ಲರ ಎದುರಿಗೆ ನನ್ನ ತಪ್ಪಿಲ್ಲ ಅಂತ ಆಗಲಿ ಅಂತಲೂ ಇತ್ತೇನೋ.

ಸ್ಪೀಕರ್ ಹಾಕಿ ಮಿಲ್ಲಿಗೆ ಫೋನ್ ಮಾಡಿದೆ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೇನೆ, ಕೈಯಲ್ಲಿ ನಾನೇ ಮಾತಾಡುತ್ತಿದ್ದೇನೆ. "ನಮಸ್ಕಾರ್ರೀ, ನಾ ಪೂಜಿತಾ ಮಾತಾಡ್ತೀನಿ, ಆರಾಮ್ ಅದೀರೇನ್ರಿ?" ಕಾಕಾ ನನ್ನ ಮುಖ ನೋಡಿದರು, ಫೋನ್ ನೋಡಿದರು.

ಮೊದಲು ನಕ್ಕವರು ರೇವಣಸಿದ್ದ ಅನ್ನುವವರು. "ಲೇ ಉಚ್ಚೆಂಗಿ, ಮಷಿನಿಗೆ ಆರಾಮ್ ಅದೀನಿ ಅಂದ್ಯೇನಲೇ? ಉಂಡೀ ಏನಂತ ಕೇಳಿಲ್ಲ ತಾನ?" ಇನ್ನೊಬ್ಬರು, "ಕೇಳಿರ್ತಾನ ತಗಾ, ಮಷಿನ್ ನಾಚ್ಕೊಂಡಿರ್ತತಿ" ಅಂದರು. ಚಹಾದವನೂ ನಕ್ಕ. ಕಾಕಾ ಕೂಡ ನಕ್ಕರು. ನಗುತ್ತಲೇ ಟವೆಲ್ಲಿನಿಂದ ಕೈ ಒರೆಸಿಕೊಂಡರು, ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಂಡರು.

"ಅಲ್ಲವ್ವ, ಆಯ್ತು ಅಂತು..." ಅಂದರು.

"ಅದು ಎಲ್ಲರಿಗೂ ಹಂಗ ಅಂತತಿ ಕಾಕಾ" ಅಂದೆ.

ಅವರಿಗೆ ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ನಾನು ಮರೆತಿರಲಿಲ್ಲ, ನಾನು ಕೆಟ್ಟವಳಲ್ಲ ಅಂತ ಗೊತ್ತಾದರೆ ಖುಷಿಪಡುತ್ತಾರೆ ಅಂತ. ಅವರು, "ಹಂಗಾರ ತಪ್ಪು ನಂದ ಬಿಡ್ರಿ" ಅಂದರು. "ಚಾ ಕುಡೀರಿ. ಕುಂದರ್ರಿ." ಆರನೇ ಕ್ಲಾಸಿನಿಂದ ನನಗೆ ಲೇ, ಬಾರಲೇ, ತಿನ್ನಲೇ ಅಂದವರು. ನಿನ್ನೆ ಮೊದಲ ಸಲ ‘ರೀ’ ಅಂದರು. ಮಿಲ್ಲಿನ ಸಾವ್ಕಾರರ ಮಗಳಿಗೆ ಅನ್ನುವ ಹಾಗೆ. ಚಹಾ ಕುಡಿದೆ. ಏನು ಕುಡಿದೆನೋ ಗೊತ್ತಿಲ್ಲ.

ಸಂಬಳದ ವಾರದ ಮಾತು ನಾನು ಬರೆಯಬಾರದಾಗಿತ್ತು. ಅದನ್ನು ಮತ್ತೆ ಹೇಗೆ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ ಅಂತ ತಿಳಿಯುತ್ತಿಲ್ಲ.

ಪೂಜಿ

*

ಕಡ್ಡಿರಾಂಪುರ
14 ಡಿಸೆಂಬರ್ 2024

ಪೂಜಿತಾ,

ನೀನು ಸುಳ್ಳು ಹೇಳಿಲ್ಲ ಅಂತ ಗೊತ್ತಾಯಿತು. ನೀನು ಗೆದ್ದೆ.

ಯಾರ್ಡಿನಲ್ಲಿ ಈಗ ಅಪ್ಪನಿಗೆ ಹೆಸರಿಲ್ಲ. "ಆರಾಮ್ ಅದೀರೇನ್ರಿ" ಅಂತಲೇ ಕರೆಯುತ್ತಾರಂತೆ. ಡ್ರೈವರುಗಳೂ ಕಿಟಕಿಯಿಂದ ತಲೆ ಹಾಕಿ ಅದನ್ನೇ ಅನ್ನುತ್ತಾರಂತೆ. ಅಪ್ಪ ಫೋನನ್ನು ಚೀಲದಲ್ಲಿ ಹಾಕಿ ಇಟ್ಟಿದ್ದಾನೆ. ಬಂದ ಕರೆ ಎತ್ತುವುದಿಲ್ಲ, ಎತ್ತಿದರೂ ಗುರುತಿನ ನಂಬರ್ ಅಲ್ಲದಿದ್ದರೆ ಮಾತು ಶುರುವಾಗುವ ಮೊದಲೇ ಕಟ್. ಮೊನ್ನೆ ಸುಮಲತಾ ಅಕ್ಕನ ಫೋನಿನಿಂದ ನಾನು ಮಾಡಿದೆ. "ಖರೇ ಅಂಜಲಿ ಆಗಿದ್ರ ನಿಮ್ಮಮ್ಮಗ ಏನು ಜಡ್ಡಾಗಿತ್ತು ಹೇಳು" ಅಂದ. ಹೇಳಿದೆ.

ನೀನು ಮರೆತಿದ್ದರೆ ಚೆನ್ನಾಗಿತ್ತು ಪೂಜಿ. ಮರೆತವರನ್ನು ಬೈಯಬಹುದು.

ಇನ್ನು ಬರೆಯಬೇಡ.

ಅಂಜಲಿ

*

ಕಡ್ಡಿರಾಂಪುರ
19 ಡಿಸೆಂಬರ್ 2024, ಗುರುವಾರ, ಮಧ್ಯಾಹ್ನ

ಅಂಜು,

ಬರೆಯಬೇಡ ಅಂದಿದ್ದೆ. ಆದರೂ ಬರೆಯುತ್ತಿದ್ದೇನೆ. ಇದನ್ನು ಹಾಸ್ಟೆಲ್ಲಿನಲ್ಲಿ ಕೂತು ಬರೆಯುತ್ತಿಲ್ಲ. ನಿಮ್ಮ ಹೋಮ್‌ಸ್ಟೇ ಎದುರಿನ ಎಳನೀರಿನ ಗಾಡಿ ಪಕ್ಕದ ಬೆಂಚಿನ ಮೇಲೆ ಕೂತಿದ್ದೇನೆ. ಸುಮಲತಾ ಅಕ್ಕ ಗೇಟಿಗೆ ಬಂದು "ಅಂಜಲಿ ಇಲ್ಲರಿ" ಅಂದರು. ಅವರ ಹಿಂದೆ ಮಹಡಿಯ ಮೇಲೆ ನೀನು ಬೆಡ್‌ಶೀಟ್ ಒಣಹಾಕುತ್ತಿದ್ದದ್ದು ಕಾಣಿಸುತ್ತಿತ್ತು. ಅಕ್ಕನೂ ತಿರುಗಿ ನೋಡಿದರು. ಪಾಪ, ಅವರಿಗೇ ನಾಚಿಕೆಯಾಯಿತು. ಒಂದು ಪತ್ರ ಬರೆದು ಕೊಡುತ್ತೇನೆ ಅಂದೆ. ಪೆನ್ನು ಅವರದೇ.

ಬುಧವಾರ ಬಳ್ಳಾರಿಗೆ ಹೋಗಿದ್ದೆ, ಕ್ಲಾಸಿಗೆ ಚಕ್ಕರ್ ಹಾಕಿ. ಮೊದಲನೇ ಸಲ. ನಿನ್ನ ಕಾಲೇಜಿನ ಆಫೀಸಿನಲ್ಲಿ ಒಬ್ಬ ಮೇಡಮ್ ಇದ್ದರು. ನಿನ್ನ ಹೆಸರು ಹೇಳಿದೆ. ಹುಡುಕಿ ನೋಡಿ, "ಈ ಹುಡುಗಿ ಬರಲೇ ಇಲ್ಲ ನೋಡ್ರಿ, ಮಾರ್ಕ್ಸ್ ಛಲೋ ಇದ್ವು" ಅಂದರು. ನಾನು ಎಲ್ಲಾ ಹೇಳಿದೆ. ಯಂತ್ರದ ಕಥೆ ಅರ್ಧ ಹೇಳುವಷ್ಟರಲ್ಲಿ ಅತ್ತುಬಿಟ್ಟೆ. ಅವರು ನೀರು ಕೊಟ್ಟರು.

ಒಂದು ಹುಡುಗಿ ಕೋರ್ಸ್ ಬಿಟ್ಟು ಹೋಗಿದ್ದಾಳಂತೆ. ಆ ಸೀಟು ಕಾಯುತ್ತಿರುವವರಿಗೆ ಕೊಡುತ್ತಾರೆ. ಬರದೇ ಹೋದವರನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲವಂತೆ. ಮೇಡಮ್ ಒಳಗೆ ಹೋಗಿ ಪ್ರಿನ್ಸಿಪಾಲರನ್ನು ಕೇಳಿಕೊಂಡು ಬಂದು ಕಾಯುವವರ ಪಟ್ಟಿಗೆ ನಿನ್ನ ಹೆಸರು ಸೇರಿಸಿದರು. ಮಾರ್ಕ್ಸ್ ಮೇಲೆ ನೀನೇ ಮೊದಲು ಅಂಜು.

ಈಗ ಮುಖ್ಯ ವಿಷಯ. ಸೋಮವಾರ ಬೆಳಿಗ್ಗೆ ಅವರು ಫೋನ್ ಮಾಡುತ್ತಾರೆ. ಮನುಷ್ಯರಲ್ಲ, ಕಂಪ್ಯೂಟರ್ ಮಾಡುತ್ತದೆ. ಅವರೂ ನಮ್ಮ ಮಿಲ್ಲಿನ ಥರದ್ದೇ ಫೋನ್ ಹಾಕಿಸಿದ್ದಾರೆ. ನಂಬರ್ ಕೂಡ ಬಳ್ಳಾರಿಯದು ಅಂತ ತೋರುವುದಿಲ್ಲ, ಬೆಂಗಳೂರಿನದು ಬರುತ್ತದೆ, ನಮ್ಮ ಕಡೆ ಎಲ್ಲರೂ ಲೋನಿನವರು ಅಂತ ಕಟ್ ಮಾಡುವಂಥದ್ದು. ಒಂದು ದನಿ ನಿನ್ನ ಹೆಸರು ಹೇಳಿ, ಸೀಟು ಬೇಕಾದರೆ ಒಂದನ್ನು ಒತ್ತಿ ಅನ್ನುತ್ತದೆ. ಒತ್ತದಿದ್ದರೆ ಇನ್ನೊಂದು ಸಲ ಮಾಡುತ್ತದೆ. ಆಗಲೂ ಒತ್ತದಿದ್ದರೆ ತಾನೇ ಮುಂದಿನ ಹುಡುಗಿಗೆ ಹೋಗುತ್ತದೆ. ಅರ್ಜಿಯಲ್ಲಿರುವುದು ಕಾಕಾನ ನಂಬರ್.

ನನ್ನ ನಂಬರಿಗೆ ಮಾಡಿ ಅಂತ ಕೇಳಿಕೊಂಡೆ. "ನೀವು ಆಕೆಗೆ ಏನಾಗಬೇಕು?" ಅಂತ ಕೇಳಿದರು. ಫ್ರೆಂಡ್ ಅಂದೆ. ಫ್ರೆಂಡ್ ಅಂದರೆ ಆಗುವುದಿಲ್ಲವಂತೆ. ನಂಬರ್ ಬದಲಾಯಿಸಲು ನೀನೇ ಬಂದು ಸಹಿ ಹಾಕಬೇಕು, ಶನಿವಾರದೊಳಗೆ.

ಬಳ್ಳಾರಿಯ ಬಸ್‌ಸ್ಟ್ಯಾಂಡಿನಿಂದ ಕಾಕಾನಿಗೆ ಫೋನ್ ಮಾಡಿದೆ. ಸೋಮವಾರದ ಕರೆ ಕಟ್ ಮಾಡಬೇಡಿ ಅಂತ ಹೇಳೋಣ ಅಂತ. ಎತ್ತಿದರು. ಹಿಂದೆ ಲಾರಿಯ ಸದ್ದು ಬರುತ್ತಿತ್ತು. "ಕಾಕಾ, ನಾನು ಪೂಜಿತಾ ಮಾತಾಡ್ತೀನಿ" ಅಂದೆ. ಅಷ್ಟೇ ಅಂದದ್ದು. ಕಟ್ ಆಯಿತು. ಮತ್ತೆ ಮಾಡಿದರೆ ಎತ್ತಲಿಲ್ಲ. ನಾನು ಯಂತ್ರ ಅಂದುಕೊಂಡು ಇಟ್ಟರೋ, ನಾನೇ ಅಂತ ಗೊತ್ತಾಗಿ ಇಟ್ಟರೋ ತಿಳಿಯಲಿಲ್ಲ. ಯಾವುದಾಗಿದ್ದರೂ ಅದು ನನ್ನಿಂದಲೇ. ಸಂಡೂರಿಗೆ ಮತ್ತೆ ಹೋಗಿ ಆ ಯಾರ್ಡಿನಲ್ಲಿ ನಿಲ್ಲಲು ನನಗೆ ಮುಖವಿಲ್ಲ. ನಾನು ಹೋದರೆ ಅವರು ಮತ್ತೆ ಕಾಕಾನನ್ನು ನೋಡಿ ನಗುತ್ತಾರೆ.

ಮಿಲ್ಲಿನ ಸ್ವಾಗತ ತೆಗೆದುಹಾಕಿದೆ. ಈಗ ಅಲ್ಲಿಗೆ ಮಾಡಿದರೆ ಬರೀ ರಿಂಗ್ ಆಗುತ್ತದೆ, ನಿನ್ನ ಟೇಬಲ್ ಮೇಲೆ, ಯಾರೂ ಇಲ್ಲದ ಕಡೆ.

ನನ್ನನ್ನು ಕ್ಷಮಿಸು ಅಂತ ಈ ಪತ್ರ ಬರೆದಿಲ್ಲ. ಸೀಟು ಸಿಕ್ಕ ಮೇಲೂ ನೀನು ನನ್ನ ಜೊತೆ ಮಾತಾಡಬೇಕಾಗಿಲ್ಲ. ಎರಡೇ ದಾರಿ ಇವೆ. ನಾಳೆ ಅಥವಾ ನಾಡಿದ್ದು ನೀನು ಬಳ್ಳಾರಿಗೆ ಹೋಗಿ ಸಹಿ ಹಾಕಿ ಸುಮಲತಾ ಅಕ್ಕನ ನಂಬರ್ ಕೊಡಬೇಕು. ಇಲ್ಲವಾದರೆ ಸೋಮವಾರ ಬೆಳಿಗ್ಗೆ ಸಂಡೂರಿನಲ್ಲಿ ಕಾಕಾನ ಪಕ್ಕದಲ್ಲಿ ಇದ್ದು, ಆ ದನಿ ಮಾತು ಮುಗಿಸುವವರೆಗೂ ಫೋನ್ ಕಟ್ ಮಾಡಗೊಡದೆ, ಒಂದನ್ನು ಒತ್ತಬೇಕು. ಬಳ್ಳಾರಿಗಾದರೆ ಆ ಮೇಡಮ್ಮಿಗೆ ನೀನು ಬರುತ್ತೀಯ ಅಂತ ನಾನು ಇವತ್ತೇ ತಿಳಿಸಬೇಕು, ಶನಿವಾರ ಅವರು ಅರ್ಧ ದಿನ ಮಾತ್ರ ಇರುತ್ತಾರೆ.

ನೀನು ಕೆಳಗೆ ಇಳಿದು ಬರುವುದು ಬೇಡ. ಬಳ್ಳಾರಿಯೋ ಸಂಡೂರೋ ಅಂತ ಈ ಹಾಳೆಯ ಹಿಂದೆ ಒಂದು ಪದ ಬರೆದು ಅಕ್ಕನ ಕೈಯಲ್ಲಿ ಕೊಟ್ಟು ಕಳಿಸು. ಸಂಜೆಯ ಬಸ್ ಬರುವವರೆಗೂ ಬೆಂಚಿನ ಮೇಲೆ ಇರುತ್ತೇನೆ.

ಬೇಗ ಉತ್ತರ ಕೊಡು.

ಪೂಜಿತಾ